ಪೈಥಾನ್ ವಿಸ್ತರಣೆ ಕಟ್ಟಲು ಯಾವ ಕಂಪೈಲರ್? ವಿಂಡೋಸ್‌ನಲ್ಲಿ ಉಚಿತ ದಾರಿಗಳ ಹೋಲಿಕೆ

ವಿಂಡೋಸ್‌ನಲ್ಲಿ ಪೈಥಾನ್ ಬಳಸುವವರಲ್ಲಿ ಬಹಳ ಮಂದಿಗೆ ಕಂಪೈಲರ್‌ನ (ಸೋರ್ಸ್ ಕೋಡನ್ನು ಯಂತ್ರ ಓಡಿಸಬಲ್ಲ ಕಡತವಾಗಿಸುವ ತಂತ್ರಾಂಶದ) ಮೊದಲ ಪರಿಚಯವಾಗುವುದು ಒಂದು ದೋಷ ಸಂದೇಶದ ಮೂಲಕ. ಪೈಥಾನ್‌ನ ಪ್ಯಾಕೇಜ್ ಸ್ಥಾಪಕವಾದ ಪಿಪ್ ಬಳಸಿ ಯಾವುದೋ ಪ್ಯಾಕೇಜ್ ಸ್ಥಾಪಿಸಲು ಹೊರಟಿರುತ್ತಾರೆ. ಆ ಪ್ಯಾಕೇಜಿಗೆ ಸಿದ್ಧ ವೀಲ್, ಅಂದರೆ ಮೊದಲೇ ಕಂಪೈಲ್ ಮಾಡಿಟ್ಟ ಕಟ್ಟು, ಇರುವುದಿಲ್ಲ. ಪಿಪ್ ಸೋರ್ಸ್ ಕೋಡ್ ಇಳಿಸಿಕೊಂಡು ಅಲ್ಲೇ ಕಂಪೈಲ್ ಮಾಡಲು ಯತ್ನಿಸಿ, ಮೈಕ್ರೋಸಾಫ್ಟ್ ವಿಶುವಲ್ ಸಿ++ 14.0 ಅಥವಾ ಅದಕ್ಕೂ ಹೊಸದು ಬೇಕೆಂದು ಹೇಳಿ ನಿಂತುಬಿಡುತ್ತದೆ. ಸ್ವಂತವಾಗಿ ಸಿ ಭಾಷೆಯಲ್ಲಿ ವಿಸ್ತರಣೆ (ಪೈಥಾನ್‌ನಿಂದ ಇಂಪೋರ್ಟ್ ಮಾಡಬಹುದಾದ ಮಾಡ್ಯೂಲ್) ಬರೆಯುವವರಿಗೂ ಇದೇ ಬಾಗಿಲಲ್ಲಿ ತಡೆ. ಪರಿಹಾರ ಹುಡುಕಿದರೆ ಒಬ್ಬರು ಮೈಕ್ರೋಸಾಫ್ಟ್‌ನ ಕಂಪೈಲರ್ ಕಟ್ಟಾದ ಬಿಲ್ಡ್ ಟೂಲ್ಸ್ ಹಾಕಿಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಜಿಸಿಸಿ ಎಂಬ ಮುಕ್ತ ಕಂಪೈಲರ್‌ನ ವಿಂಡೋಸ್ ರೂಪವಾದ ಮಿನ್‌ಜಿಡಬ್ಲ್ಯೂ ಸಾಕು ಎನ್ನುತ್ತಾರೆ, ಮತ್ತೊಬ್ಬರು ಝಿಗ್ ಎಂಬ ಭಾಷೆಯ ಕಟ್ಟು ಇದ್ದರೆ ಬೇರೇನೂ ಬೇಡ ಎನ್ನುತ್ತಾರೆ. ಮೂರೂ ಒಂದೊಂದು ಸಂದರ್ಭಕ್ಕೆ ಸರಿ. ಯಾವ ಸಂದರ್ಭಕ್ಕೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದನ್ನು ಬಿಡಿಸಿ ಹೇಳುವುದಕ್ಕಾಗಿಯೇ ಈ ಬರಹ.

ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೆ ಈ ಪ್ರಶ್ನೆ ಇಲ್ಲವೆಂದೇ ಹೇಳಬಹುದು. ಲಿನಕ್ಸ್‌ನಲ್ಲಿ ಜಿಸಿಸಿ ಮತ್ತು ಪೈಥಾನ್‌ನ ಹೆಡರ್ ಕಡತಗಳ ಪ್ಯಾಕೇಜ್ ಹಾಕಿಕೊಂಡರೆ ಕೆಲಸ ಮುಗಿಯಿತು. ಮ್ಯಾಕ್‌ನಲ್ಲಿ ಎಕ್ಸ್‌ಕೋಡ್‌ನ ಕಮಾಂಡ್ ಲೈನ್ ಸಲಕರಣೆಗಳು ಸಾಕು. ಅಲ್ಲಿ ಪೈಥಾನ್ ಅನ್ನು ಕಟ್ಟಿದ ಕಂಪೈಲರ್ ಮತ್ತು ನಮ್ಮ ಕೈಗೆ ಸಿಗುವ ಕಂಪೈಲರ್ ಒಂದೇ ಮನೆತನದವು. ವಿಂಡೋಸ್‌ನಲ್ಲಿ ಹಾಗಿಲ್ಲ, ತೊಡಕಿನ ಬೇರು ಇರುವುದೂ ಅಲ್ಲಿಯೇ.

ಅವಸರದಲ್ಲಿರುವವರಿಗೆ ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಅಧಿಕೃತ ವಿಂಡೋಸ್ ಪೈಥಾನ್‌ಗೆ ಸಿ++ ವಿಸ್ತರಣೆ ಕಟ್ಟಿ ಅದನ್ನು ಇತರರಿಗೆ ಹಂಚುವುದಿದ್ದರೆ ಮೈಕ್ರೋಸಾಫ್ಟ್‌ನ ಬಿಲ್ಡ್ ಟೂಲ್ಸ್ ಬಳಸಿ. ಬರೀ ಸಿ ವಿಸ್ತರಣೆಯಾದರೆ, ಅಥವಾ ಫೋರ್ಟ್ರಾನ್ ಕೋಡ್ ಇದ್ದರೆ, ಯುಸಿಆರ್‌ಟಿ (ವಿಂಡೋಸ್‌ನ ಹೊಸ ಸಿ ರನ್‌ಟೈಮ್ ಲೈಬ್ರರಿ) ಬಳಸುವ ಮಿನ್‌ಜಿಡಬ್ಲ್ಯೂ-ಡಬ್ಲ್ಯೂ64 ಧೈರ್ಯವಾಗಿ ಬಳಸಬಹುದು. ಕಲಿಯುವುದಕ್ಕೆ, ಪ್ರಯೋಗಕ್ಕೆ, ಒಂದು ಯಂತ್ರದಲ್ಲಿ ಕೂತು ಇನ್ನೊಂದು ವ್ಯವಸ್ಥೆಗೆ ಕಟ್ಟುವುದಕ್ಕೆ ಝಿಗ್ ಚೆನ್ನ. ಹೀಗೇಕೆ ಎಂದು ತಿಳಿದುಕೊಳ್ಳದೆ ಆರಿಸಿಕೊಂಡರೆ ಮುಂದೆ ಎಲ್ಲೋ ಎಡವುವುದು ಖಚಿತ.

ಇಂಟರ್‌ಪ್ರಿಟರ್ ಕಟ್ಟಿದವರು ಯಾರು?

ವಿಸ್ತರಣೆ ಎಂದರೆ ಸ್ವತಂತ್ರ ಪ್ರೋಗ್ರಾಮ್ ಅಲ್ಲ. ವಿಂಡೋಸ್‌ನಲ್ಲಿ .ಪಿವೈಡಿ ಎಂಬ ಬಾಲವಿರುವ ಕಡತ ನಿಜಕ್ಕೂ ಒಂದು ಡಿಎಲ್‌ಎಲ್, ಅಂದರೆ ಬೇರೆ ಪ್ರೋಗ್ರಾಮ್ ಓಡುವಾಗ ತನ್ನೊಳಗೆ ಎಳೆದುಕೊಳ್ಳುವ ಲೈಬ್ರರಿ ಕಡತ. ಇಂಪೋರ್ಟ್ ಎಂದ ಕೂಡಲೇ ಅದು ಇಂಟರ್‌ಪ್ರಿಟರ್ (ಪೈಥಾನ್ ಕೋಡ್ ಓಡಿಸುವ ಪ್ರೋಗ್ರಾಮ್) ಓಡುತ್ತಿರುವ ಪ್ರೋಸೆಸ್‌ನೊಳಗೆ ಬಂದು ಕೂರುತ್ತದೆ. ಅದೇ ಮೆಮೊರಿಯಲ್ಲಿ, ಅದೇ ಸ್ಟ್ಯಾಕ್ ಮೇಲೆ ಓಡುತ್ತದೆ. ಹಾಗಾಗಿ ಕಂಪೈಲರ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ಕಂಪೈಲರ್ ಒಳ್ಳೆಯದು’ ಎಂಬುದಲ್ಲ, ‘ನನ್ನ ಇಂಟರ್‌ಪ್ರಿಟರ್ ಅನ್ನು ಯಾವುದರಿಂದ ಕಟ್ಟಿದ್ದಾರೆ’ ಎಂಬುದು.

ಇದನ್ನು ತಿಳಿಯುವುದು ಸುಲಭ. ಪೈಥಾನ್ ತೆರೆದಾಗ ಮೊದಲ ಸಾಲಿನಲ್ಲೇ ಚೌಕ ಆವರಣದೊಳಗೆ ಕಂಪೈಲರ್‌ನ ಹೆಸರಿರುತ್ತದೆ. ಎಂಎಸ್‌ಸಿ ಎಂದಿದ್ದರೆ ಅದು ಮೈಕ್ರೋಸಾಫ್ಟ್‌ನ ಕಂಪೈಲರ್‌ನಿಂದ ಬಂದದ್ದು. ಜಿಸಿಸಿ ಎಂದಿದ್ದರೆ ನೀವು ಓಡಿಸುತ್ತಿರುವುದು ಅಧಿಕೃತ ವಿಂಡೋಸ್ ಪೈಥಾನ್ ಅಲ್ಲ, ಬಹುಶಃ ವಿಂಡೋಸ್‌ಗೆ ಮುಕ್ತ ಸಲಕರಣೆಗಳನ್ನು ಒದಗಿಸುವ ಎಂಎಸ್‌ವೈಎಸ್2 ಒಳಗಿನದು. ಈ ಒಂದು ಸಾಲನ್ನು ಓದದೆ ಇಡೀ ದಿನ ಹೆಣಗಿದವರನ್ನು ನಾನು ಬಲ್ಲೆ.

ಕಂಪೈಲರ್‌ಗಳು ಬೇರೆಯಾದರೆ ತೊಂದರೆ ಏನು? ಶುದ್ಧ ಸಿ ಫಂಕ್ಷನ್ ಕರೆಯುವ ರೀತಿಯಲ್ಲಿ ಮೈಕ್ರೋಸಾಫ್ಟ್‌ನ ಕಂಪೈಲರ್‌ಗೂ ಜಿಸಿಸಿಗೂ ಭಿನ್ನಾಭಿಪ್ರಾಯವಿಲ್ಲ, ವಿಂಡೋಸ್‌ನ ನಿಯಮವನ್ನೇ ಎರಡೂ ಪಾಲಿಸುತ್ತವೆ. ಜಗಳವೆಲ್ಲ ಸಿ ರನ್‌ಟೈಮ್ ಲೈಬ್ರರಿಯದು. ಮೆಮೊರಿ ಹಂಚುವ, ಕಡತ ತೆರೆಯುವ, ದೋಷ ಸಂಖ್ಯೆ ನೆನಪಿಡುವ ಕೆಲಸ ಆ ಲೈಬ್ರರಿಯದ್ದು. ಒಂದೇ ಪ್ರೋಸೆಸ್‌ನಲ್ಲಿ ಎರಡು ಬೇರೆ ರನ್‌ಟೈಮ್‌ಗಳಿದ್ದರೆ ಎರಡಕ್ಕೂ ತಮ್ಮದೇ ಲೆಕ್ಕಪುಸ್ತಕ. ಒಂದರಲ್ಲಿ ಮ್ಯಾಲಾಕ್ ಮಾಡಿ ಪಡೆದ ಮೆಮೊರಿಯನ್ನು ಹಿಂದಿರುಗಿಸಲು ಇನ್ನೊಂದರ ಫ್ರೀಗೆ ಕೊಟ್ಟರೆ, ಒಂದರಲ್ಲಿ ತೆರೆದ ಫೈಲ್ ಪಾಯಿಂಟರ್ ಅನ್ನು ಇನ್ನೊಂದಕ್ಕೆ ದಾಟಿಸಿದರೆ, ಪ್ರೋಗ್ರಾಮ್ ಕುಸಿಯುತ್ತದೆ. ಕೆಲವೊಮ್ಮೆ ತಕ್ಷಣ ಕುಸಿಯದೆ ಬಹಳ ಹೊತ್ತಿನ ಮೇಲೆ, ಸಂಬಂಧವೇ ಇಲ್ಲದ ಸಾಲಿನಲ್ಲಿ ಕುಸಿಯುತ್ತದೆ. ಅದು ಇನ್ನೂ ಕೆಟ್ಟದ್ದು.

ಮೊದಲು ಈ ತೊಂದರೆ ತೀವ್ರವಾಗಿತ್ತು. ಪೈಥಾನ್ 2.7 ವಿಶುವಲ್ ಸಿ++ 2008ಕ್ಕೆ ಕಟ್ಟುಬಿದ್ದಿತ್ತು, 3.3 ಮತ್ತು 3.4 ಆವೃತ್ತಿಗಳು 2010ಕ್ಕೆ. ಪ್ರತಿಯೊಂದಕ್ಕೂ ತನ್ನದೇ ರನ್‌ಟೈಮ್ ಡಿಎಲ್‌ಎಲ್. ಮಿನ್‌ಜಿಡಬ್ಲ್ಯೂ ಆದರೋ ವಿಂಡೋಸ್ ಜೊತೆಗೇ ಬರುವ ಹಳೆಯ ಎಂಎಸ್‌ವಿಸಿಆರ್‌ಟಿಯನ್ನು ಬಳಸುತ್ತಿತ್ತು. ಪೈಥಾನ್ 2.7 ಬಳಸುವವರ ಗೋಳು ಎಷ್ಟಿತ್ತೆಂದರೆ 2014ರಲ್ಲಿ ಮೈಕ್ರೋಸಾಫ್ಟ್ ಆ ಒಂದು ಆವೃತ್ತಿಗೆಂದೇ ಹಳೆಯ ಕಂಪೈಲರ್‌ನ ಪುಟ್ಟ ಕಟ್ಟನ್ನು ಉಚಿತವಾಗಿ ಬಿಡುಗಡೆ ಮಾಡಿತು. 2015ರಲ್ಲಿ ಚಿತ್ರ ಬದಲಾಯಿತು. ಪೈಥಾನ್ 3.5 ಯೂನಿವರ್ಸಲ್ ಸಿ ರನ್‌ಟೈಮ್‌ಗೆ, ಅಂದರೆ ಯುಸಿಆರ್‌ಟಿಗೆ, ದಾಟಿತು. ಇದು ವಿಂಡೋಸ್ 10ರ ಭಾಗವಾಗಿಯೇ ಬರುತ್ತದೆ. 2015ರಿಂದ 2022ರವರೆಗಿನ ವಿಶುವಲ್ ಸ್ಟುಡಿಯೋ ಕಂಪೈಲರ್‌ಗಳೆಲ್ಲ ಇದೇ ರನ್‌ಟೈಮ್ ಬಳಸುತ್ತವೆ, ಪರಸ್ಪರ ಹೊಂದಿಕೊಳ್ಳುತ್ತವೆ. ದೋಷ ಸಂದೇಶದಲ್ಲಿ ಇನ್ನೂ 14.0 ಎಂದೇ ಕಾಣುವುದಕ್ಕೆ ಕಾರಣವೂ ಇದೇ. ಮುಂದೆ ಮಿನ್‌ಜಿಡಬ್ಲ್ಯೂ-ಡಬ್ಲ್ಯೂ64 ಕೂಡ ಯುಸಿಆರ್‌ಟಿಗೆ ಕಟ್ಟುವುದನ್ನು ಕಲಿಯಿತು. ಎಂಎಸ್‌ವೈಎಸ್2 ತನ್ನ ಪೂರ್ವನಿಯೋಜಿತ ಪರಿಸರವನ್ನು 2022ರಲ್ಲಿ ಯುಸಿಆರ್‌ಟಿ64 ಎಂದು ಬದಲಿಸಿತು. ಅಲ್ಲಿಗೆ ಇಂಟರ್‌ಪ್ರಿಟರ್ ಮತ್ತು ಮುಕ್ತ ಕಂಪೈಲರ್ ಒಂದೇ ಬಾವಿಯ ನೀರು ಸೇದುವಂತಾಯಿತು. ಇಂದು ಓದುವ ಹಳೆಯ ಸಲಹೆಗಳಲ್ಲಿ ಅರ್ಧಕ್ಕರ್ಧ ಈ ಬದಲಾವಣೆಗೆ ಮೊದಲಿನವು ಎಂಬುದನ್ನು ಮರೆಯಬೇಡಿ.

ಉಚಿತವೂ ಮುಕ್ತವೂ ಒಂದೇ ಅಲ್ಲ

ಕನ್ನಡದಲ್ಲಿ ಉಚಿತ ಮತ್ತು ಮುಕ್ತ ಎಂಬ ಎರಡು ಪದಗಳಿರುವುದು ಇಲ್ಲಿ ನಮ್ಮ ಅದೃಷ್ಟ. ಬಿಲ್ಡ್ ಟೂಲ್ಸ್ ಉಚಿತ, ಆದರೆ ಮುಕ್ತವಲ್ಲ. ಇಳಿಸಿಕೊಳ್ಳಲು ಹಣ ಕೊಡಬೇಕಿಲ್ಲ, ಆದರೆ ಬಳಸಲು ವಿಶುವಲ್ ಸ್ಟುಡಿಯೋದ ಯಾವುದಾದರೂ ಪರವಾನಗಿ ಇರಬೇಕು. ಒಬ್ಬಂಟಿಯಾಗಿ ಬರೆಯುವವರಿಗೆ, ವಿದ್ಯಾರ್ಥಿಗಳಿಗೆ, ಮುಕ್ತ ತಂತ್ರಾಂಶದ ಕೆಲಸ ಮಾಡುವವರಿಗೆ ಉಚಿತ ಕಮ್ಯುನಿಟಿ ಆವೃತ್ತಿಯ ಪರವಾನಗಿ ಸಾಕಾಗುತ್ತದೆ. ಸಣ್ಣ ಸಂಸ್ಥೆಗಳಲ್ಲಿ ಐದು ಮಂದಿಯವರೆಗೆ ಅದನ್ನು ಬಳಸಬಹುದು. ಸಂಸ್ಥೆಯಲ್ಲಿ 250ಕ್ಕಿಂತ ಹೆಚ್ಚು ಕಂಪ್ಯೂಟರ್‌ಗಳಿದ್ದರೆ, ಅಥವಾ ವಾರ್ಷಿಕ ಆದಾಯ ಹತ್ತು ಲಕ್ಷ ಡಾಲರ್ ಮೀರಿದ್ದರೆ, ಸ್ವಂತ ವ್ಯಾಪಾರಿ ತಂತ್ರಾಂಶಕ್ಕೆ ಆ ಅನುಕೂಲ ಸಿಗುವುದಿಲ್ಲ. ಮುಕ್ತ ಪರವಾನಗಿಯ ಸಿ++ ಲೈಬ್ರರಿಗಳನ್ನು ಕಂಪೈಲ್ ಮಾಡಿಕೊಳ್ಳುವುದಕ್ಕೆ ಮಾತ್ರ ಬಿಲ್ಡ್ ಟೂಲ್ಸ್‌ನ ಪರವಾನಗಿ ಈಗ ವಿನಾಯಿತಿ ಕೊಡುತ್ತದೆ. ಕಚೇರಿಯ ಕೆಲಸಕ್ಕೆ ಬಳಸುವವರು ಈ ಷರತ್ತನ್ನು ಒಮ್ಮೆ ಕೂತು ಓದಲೇಬೇಕು.

ಜಿಸಿಸಿಯ ವಿಷಯದಲ್ಲಿ ಇದಕ್ಕೆ ತಿರುಗಿದ ಭಯವೊಂದಿದೆ: ತನ್ನ ಕೋಡ್ ಸೇರಿದ ತಂತ್ರಾಂಶಕ್ಕೂ ಅದೇ ಷರತ್ತು ಕೇಳುವ ಜಿಪಿಎಲ್ ಪರವಾನಗಿಯ ಕಂಪೈಲರ್‌ನಿಂದ ಕಟ್ಟಿದರೆ ನನ್ನ ವಿಸ್ತರಣೆಯೂ ಜಿಪಿಎಲ್ ಆಗಿಬಿಡುತ್ತದೆಯೇ? ಆಗುವುದಿಲ್ಲ. ಕಂಪೈಲರ್‌ನ ಪರವಾನಗಿ ಅದು ಹೊರಗೆಡಹಿದ ಕೋಡ್‌ಗೆ ಅಂಟುವುದಿಲ್ಲ. ಜಿಸಿಸಿ ತನ್ನದೇ ರನ್‌ಟೈಮ್ ಲೈಬ್ರರಿಗಳ ತುಣುಕುಗಳನ್ನು ನಿಮ್ಮ ಕಡತದೊಳಗೆ ಸೇರಿಸುತ್ತದೆ ನಿಜ, ಆದರೆ ಅದಕ್ಕೆಂದೇ ರನ್‌ಟೈಮ್ ಲೈಬ್ರರಿ ವಿನಾಯಿತಿ ಎಂಬ ಪ್ರತ್ಯೇಕ ಅನುಮತಿ ಇದೆ. ನಿಮ್ಮ ವಿಸ್ತರಣೆಗೆ ನಿಮಗೆ ಬೇಕಾದ ಪರವಾನಗಿ ಕೊಡಬಹುದು.

ಬಿಲ್ಡ್ ಟೂಲ್ಸ್

ತಾಂತ್ರಿಕವಾಗಿ ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅದೇ ಇದರ ಹೆಚ್ಚುಗಾರಿಕೆ. ಪೈಥಾನ್ ಅನ್ನು ಕಟ್ಟಿದ್ದೇ ಇದರಿಂದ. ಪೈಥಾನ್ ಪ್ಯಾಕೇಜ್ ಕಟ್ಟುವ ಸಲಕರಣೆ ಸೆಟಪ್‌ಟೂಲ್ಸ್ ಇದನ್ನು ತಾನೇ ಹುಡುಕಿಕೊಳ್ಳುತ್ತದೆ. ಯಾವ ಲೈಬ್ರರಿಗೆ ಲಿಂಕ್ ಮಾಡಬೇಕೆಂಬ ಸೂಚನೆ ಪೈಥಾನ್‌ನ ಹೆಡರ್ ಕಡತದೊಳಗೇ ಅಡಗಿದೆ. ಸಿ++ ಲೈಬ್ರರಿಗಳು ಪರಸ್ಪರ ಬೆಸೆಯುತ್ತವೆ. ಡೀಬಗ್ ಮಾಡುವಾಗ ಪೈಥಾನ್‌ನ ಸ್ವಂತ ಸಂಕೇತ ಮಾಹಿತಿಯೂ ಪಿಡಿಬಿ ರೂಪದಲ್ಲಿ ಸಿಗುವುದರಿಂದ, ಕುಸಿತ ನಿಮ್ಮ ಕೋಡ್‌ನಲ್ಲೋ ಇಂಟರ್‌ಪ್ರಿಟರ್ ಒಳಗೋ ಎಂದು ಒಂದೇ ಡೀಬಗರ್‌ನಲ್ಲಿ ನೋಡಬಹುದು.

ಕೊರತೆಗಳಲ್ಲಿ ಮೊದಲನೆಯದು ಗಾತ್ರ. ಐವತ್ತು ಸಾಲಿನ ಸಿ ಕಡತವೊಂದನ್ನು ಕಂಪೈಲ್ ಮಾಡಲು ಹಲವು ಗಿಗಾಬೈಟ್ ಇಳಿಸಿಕೊಳ್ಳುವುದೆಂದರೆ ಮೂಗಿಗಿಂತ ಮೂಗುತಿ ಭಾರ. ಸ್ಥಾಪಕ ತೆರೆದಾಗ ಸಿ++ ಸಲಕರಣೆಗಳ ಗುಂಪನ್ನು ಗುರುತು ಹಾಕದೆ ಮುಂದುವರಿದರೆ ಎಲ್ಲ ಇಳಿದ ಮೇಲೂ ಅದೇ ದೋಷ ಸಂದೇಶ ಬರುತ್ತದೆ. ವಿಂಡೋಸ್ ಎಸ್‌ಡಿಕೆ (ವಿಂಡೋಸ್‌ನ ಹೆಡರ್ ಮತ್ತು ಲೈಬ್ರರಿಗಳ ಕಟ್ಟು) ಕೂಡ ಅದರಲ್ಲಿ ಸೇರಿರಬೇಕು. ಎರಡನೆಯದು ಸಿ ಭಾಷೆಯ ವಿಷಯದ ಉದಾಸೀನ. ಓಡುವಾಗ ಗಾತ್ರ ನಿರ್ಧಾರವಾಗುವ ಅರೇಗಳು ಇಲ್ಲಿ ಇಲ್ಲ, ಸಿ99ರ ಸಂಕೀರ್ಣ ಸಂಖ್ಯೆಗಳ ರೀತಿ ಬೇರೆ, ಜಿಸಿಸಿಯ ವಿಶೇಷ ಗುಣಸೂಚಕಗಳು ನಡೆಯುವುದಿಲ್ಲ, 64-ಬಿಟ್ ಕೋಡ್‌ನಲ್ಲಿ ಒಳಗೇ ಅಸೆಂಬ್ಲಿ ಬರೆಯುವಂತಿಲ್ಲ. ಲಿನಕ್ಸ್‌ಗೆಂದು ಬರೆದ ವೈಜ್ಞಾನಿಕ ಲೈಬ್ರರಿಯೊಂದನ್ನು ಇಲ್ಲಿ ತಂದರೆ ಸೋರ್ಸ್ ಕೋಡ್ ತಿದ್ದುವುದರಲ್ಲೇ ವಾರ ಕಳೆಯಬಹುದು. ಮೂರನೆಯದು, ಫೋರ್ಟ್ರಾನ್ ಕಂಪೈಲರ್ ಇದರಲ್ಲಿ ಇಲ್ಲವೇ ಇಲ್ಲ.

ಮಿನ್‌ಜಿಡಬ್ಲ್ಯೂ-ಡಬ್ಲ್ಯೂ64: ಎಲ್ಲಿ ಸಾಕು, ಎಲ್ಲಿ ಸಾಲದು

ನನಗೆ ಪ್ರೀತಿಯ ದಾರಿ ಇದು. ಅದಕ್ಕಾಗಿಯೇ ಇದರ ಕುಂದುಗಳನ್ನು ಹೆಚ್ಚು ಎಚ್ಚರದಿಂದ ಹೇಳಬೇಕು.

ಹೆಸರಿನ ಗೊಂದಲವನ್ನು ಮೊದಲು ಬಿಡಿಸೋಣ. ಮಿನ್‌ಜಿಡಬ್ಲ್ಯೂ ಎಂಬ ಮೂಲ ಯೋಜನೆ 32-ಬಿಟ್‌ಗೆ ಸೀಮಿತವಾಗಿ ಹಳತಾಗಿ ಉಳಿಯಿತು. ಇಂದು ಬೇಕಾದದ್ದು ಅದರಿಂದ ಕವಲೊಡೆದ ಮಿನ್‌ಜಿಡಬ್ಲ್ಯೂ-ಡಬ್ಲ್ಯೂ64. ಸೆಟಪ್‌ಟೂಲ್ಸ್‌ಗೆ ಮಾತ್ರ 64-ಬಿಟ್ ಆದರೂ ‘ಮಿನ್‌ಜಿಡಬ್ಲ್ಯೂ32’ ಎಂದೇ ಹೇಳಬೇಕು. ಅದು ಹಳೆಯ ಹೆಸರು, ಹಾಗೇ ಉಳಿದುಕೊಂಡಿದೆ. ಬಿಲ್ಡ್ ಆದೇಶದಲ್ಲಿ ಕಂಪೈಲರ್ ಆಯ್ಕೆಯಾಗಿ ಕೊಡಬಹುದು, ಅಥವಾ ಸೆಟಪ್.ಸಿಎಫ್‌ಜಿ ಕಡತದಲ್ಲಿ ಒಮ್ಮೆ ಬರೆದಿಟ್ಟರೆ ಪಿಪ್ ಕೂಡ ಅದನ್ನು ಪಾಲಿಸುತ್ತದೆ.

ಎಲ್ಲಿಂದ ಪಡೆಯುವುದು ಎಂಬುದರಲ್ಲೂ ಆಯ್ಕೆ ಇದೆ. ವಿನ್‌ಲಿಬ್ಸ್ ಕೊಡುವ ಜಿಪ್ ಕಟ್ಟನ್ನು ಬಿಚ್ಚಿ, ಅದರ ಬಿನ್ ಫೋಲ್ಡರನ್ನು ಪಾತ್‌ಗೆ, ಅಂದರೆ ವಿಂಡೋಸ್ ಪ್ರೋಗ್ರಾಮ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಗೆ, ಸೇರಿಸಿದರೆ ಸಾಕು. ಅದು ಎಂಎಸ್‌ವಿಸಿಆರ್‌ಟಿ ಮತ್ತು ಯುಸಿಆರ್‌ಟಿ ಎರಡು ಬಗೆಯಲ್ಲೂ ಸಿಗುತ್ತದೆ, ನೀವು ಯುಸಿಆರ್‌ಟಿಯದನ್ನೇ ಆರಿಸಿಕೊಳ್ಳಬೇಕು. ಎಂಎಸ್‌ವೈಎಸ್2 ಇನ್ನೊಂದು ದಾರಿ. ಅದರ ಪ್ಯಾಕೇಜ್ ಸ್ಥಾಪಕ ಪ್ಯಾಕ್‌ಮ್ಯಾನ್ ಮೂಲಕ ಕಂಪೈಲರ್, ಲೈಬ್ರರಿಗಳು ಎಲ್ಲವನ್ನೂ ಸಲೀಸಾಗಿ ಹಾಕಿಕೊಳ್ಳಬಹುದು. ಆದರೆ ಅಲ್ಲೊಂದು ಗುಂಡಿ ಇದೆ. ಎಂಎಸ್‌ವೈಎಸ್2 ತನ್ನದೇ ಪೈಥಾನ್ ಅನ್ನು ಜಿಸಿಸಿಯಿಂದ ಕಟ್ಟಿ ಕೊಡುತ್ತದೆ. ಅದರ ಟರ್ಮಿನಲ್‌ನಲ್ಲಿ ಪೈಥಾನ್ ಎಂದು ಟೈಪಿಸಿದರೆ ಓಡುವುದು ಅದು. ಅದಕ್ಕೆ ಕಟ್ಟಿದ ವಿಸ್ತರಣೆ ಅಧಿಕೃತ ಪೈಥಾನ್‌ಗೆ ಆಗಿಬರುವುದಿಲ್ಲ, ಪೈಥಾನ್ ಪ್ಯಾಕೇಜುಗಳ ಭಂಡಾರ ಪೈಪಿಐನ ಸಿದ್ಧ ವಿಂಡೋಸ್ ವೀಲ್‌ಗಳೂ ಅದರಲ್ಲಿ ಸ್ಥಾಪನೆಯಾಗುವುದಿಲ್ಲ. ಎಂಎಸ್‌ವೈಎಸ್2ರ ಕಂಪೈಲರ್ ಬಳಸಿ, ಆದರೆ ಪೈಥಾನ್ ಮಾತ್ರ ಅಧಿಕೃತವಾದದ್ದನ್ನು ಅದಿರುವ ಫೋಲ್ಡರ್‌ನ ಪೂರ್ಣ ವಿಳಾಸ ಕೊಟ್ಟು ಕರೆಯಿರಿ. ಎಲ್ಲವನ್ನೂ ಎಂಎಸ್‌ವೈಎಸ್2 ಒಳಗೇ ಇಟ್ಟುಕೊಂಡು ಬಾಳುವುದೂ ಸಾಧ್ಯ, ಅದೂ ಗೌರವದ ಆಯ್ಕೆಯೇ. ಎರಡನ್ನೂ ಬೆರೆಸುವುದು ಮಾತ್ರ ಬೇಡ.

ಹಳೆಯ ಸೂಚನೆಗಳಲ್ಲಿ ಕಾಣುವ ಹಲವು ವಿಧಿಗಳು ಈಗ ಅನಗತ್ಯ. ಪೈಥಾನ್‌ನ ಡಿಎಲ್‌ಎಲ್‌ನಿಂದ ಜೆನ್‌ಡೆಫ್ ಮತ್ತು ಡಿಎಲ್‌ಎಲ್‌ಟೂಲ್ ಬಳಸಿ ಇಂಪೋರ್ಟ್ ಲೈಬ್ರರಿ ತಯಾರಿಸಬೇಕೆಂದು ಅವು ಹೇಳುತ್ತವೆ. ಇಂದಿನ ಜಿಎನ್‌ಯು ಲಿಂಕರ್ ಡಿಎಲ್‌ಎಲ್‌ಗೆ ನೇರವಾಗಿಯೇ ಲಿಂಕ್ ಮಾಡಬಲ್ಲದು. ‘ಗೊತ್ತಿಲ್ಲದ ಎಂಎಸ್ ಕಂಪೈಲರ್ ಆವೃತ್ತಿ’ ಎಂಬ ದೋಷ ಬಂದರೆ ಪೈಥಾನ್ ಕಡತಗಳನ್ನು ಕೈಯಾರೆ ತಿದ್ದಿ ಎನ್ನುವ ಸಲಹೆಯೂ ಪ್ರಚಾರದಲ್ಲಿತ್ತು. ಅದು ಪೈಥಾನ್ ಜೊತೆ ಬರುತ್ತಿದ್ದ ಹಳೆಯ ಬಿಲ್ಡ್ ಮಾಡ್ಯೂಲ್ ಡಿಸ್ಟ್‌ಯುಟಿಲ್ಸ್‌ನ ದೋಷ. ಪೈಥಾನ್ 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಅನ್ನೇ ತೆಗೆದುಹಾಕಲಾಗಿದೆ, ಅದರ ಪ್ರತಿ ಈಗ ಸೆಟಪ್‌ಟೂಲ್ಸ್ ಒಳಗಿದೆ. ಹೊಸ ಸೆಟಪ್‌ಟೂಲ್ಸ್ ಹಾಕಿಕೊಳ್ಳುವುದೇ ಮದ್ದು.

ಈಗ ನಿಜವಾದ ಕುಂದುಗಳಿಗೆ ಬರೋಣ. ನನಗೆ ಪಾಠ ಕಲಿಸಿದ್ದು ಡಿಎಲ್‌ಎಲ್ ಅವಲಂಬನೆ. ಸಿ++ನಲ್ಲಿ ಬರೆದ ಒಂದು ಚಿಕ್ಕ ವಿಸ್ತರಣೆಯನ್ನು ಸ್ನೇಹಿತನಿಗೆ ಕಳುಹಿಸಿದ್ದೆ. ನನ್ನ ಯಂತ್ರದಲ್ಲಿ ಸೊಗಸಾಗಿ ಓಡುತ್ತಿದ್ದದ್ದು ಅವನಲ್ಲಿ ‘ಡಿಎಲ್‌ಎಲ್ ಲೋಡ್ ವಿಫಲ, ಸೂಚಿಸಿದ ಮಾಡ್ಯೂಲ್ ಸಿಗಲಿಲ್ಲ’ ಎಂದಿತು. ಕಡತ ಕಣ್ಣೆದುರೇ ಇದೆ, ಸಿಗಲಿಲ್ಲ ಎಂದರೇನು? ಇಬ್ಬರೂ ಎರಡು ದಿನ ಫೋಲ್ಡರ್‌ಗಳನ್ನು ಅದಲುಬದಲು ಮಾಡಿದೆವು. ಸಿಗದೇ ಇದ್ದದ್ದು ನನ್ನ ಕಡತವಲ್ಲ, ಅದು ಅವಲಂಬಿಸಿದ್ದ ಜಿಸಿಸಿಯ ಸಿ++ ಲೈಬ್ರರಿ. ಕಂಪೈಲರ್ ಇದ್ದ ನನ್ನ ಯಂತ್ರದಲ್ಲಿ ಅದು ಇತ್ತು, ಅವನಲ್ಲಿ ಇರಲಿಲ್ಲ. ಪೈಥಾನ್ 3.8ರಿಂದ ಇನ್ನೊಂದು ತಿರುವೂ ಸೇರಿಕೊಂಡಿದೆ: ವಿಸ್ತರಣೆಯ ಅವಲಂಬನೆಗಳನ್ನು ಪಾತ್‌ನಲ್ಲಿ ಹುಡುಕುವುದನ್ನೇ ಅದು ನಿಲ್ಲಿಸಿದೆ. ಕಂಪೈಲರ್ ಪಾತ್‌ನಲ್ಲಿದ್ದರೂ ಈಗ ನಿಮ್ಮ ಯಂತ್ರದಲ್ಲೇ ಸೋಲಬಹುದು, ಓಎಸ್ ಮಾಡ್ಯೂಲ್‌ನ ಆಡ್-ಡಿಎಲ್‌ಎಲ್-ಡೈರೆಕ್ಟರಿ ಮೂಲಕ ಫೋಲ್ಡರ್ ತೋರಿಸಬೇಕಾಗುತ್ತದೆ. ಪರಿಹಾರ ಸರಳ. ಲಿಂಕ್ ಮಾಡುವಾಗ ಸ್ಟ್ಯಾಟಿಕ್ ಆಯ್ಕೆ ಕೊಟ್ಟು ಜಿಸಿಸಿ, ಸಿ++ ಮತ್ತು ಪಿಥ್ರೆಡ್ ಲೈಬ್ರರಿಗಳನ್ನು ವಿಸ್ತರಣೆಯೊಳಗೇ ಸೇರಿಸಿಬಿಡಿ. ಹಂಚುವ ವೀಲ್ ಆದರೆ ಡೆಲ್ವ್‌ವೀಲ್ ಎಂಬ ಸಲಕರಣೆ ಬೇಕಾದ ಡಿಎಲ್‌ಎಲ್‌ಗಳನ್ನು ಹುಡುಕಿ ಒಳಗೆ ಸೇರಿಸಿಕೊಡುತ್ತದೆ.

ಇದಕ್ಕಿಂತ ಆಳವಾದದ್ದು ಸಿ++ನ ಬಿರುಕು. ಫಂಕ್ಷನ್ ಹೆಸರುಗಳನ್ನು ಬರೆದಿಡುವ ರೀತಿ, ಕ್ಲಾಸ್‌ಗಳ ವಿನ್ಯಾಸ, ಎಕ್ಸೆಪ್ಶನ್ ಎಸೆಯುವ ಕ್ರಮ ಎಲ್ಲವೂ ಎರಡು ಕಂಪೈಲರ್‌ಗಳಲ್ಲಿ ಬೇರೆ ಬೇರೆ. ಮೈಕ್ರೋಸಾಫ್ಟ್ ಕಂಪೈಲರ್‌ನಿಂದ ಕಟ್ಟಿದ ಸಿ++ ಲೈಬ್ರರಿಯೊಂದು ಡಿಎಲ್‌ಎಲ್ ಆಗಿ ಮಾತ್ರ ನಿಮ್ಮ ಕೈಯಲ್ಲಿದ್ದರೆ, ಜಿಸಿಸಿಯಿಂದ ಅದಕ್ಕೆ ಲಿಂಕ್ ಮಾಡುವ ಆಸೆ ಬಿಡಬೇಕು. ಲೈಬ್ರರಿಯ ಸೋರ್ಸ್ ಇದ್ದು, ಎಲ್ಲವನ್ನೂ ಜಿಸಿಸಿಯಿಂದಲೇ ಕಟ್ಟಿ, ಪೈಥಾನ್‌ನೊಡನೆ ಸಿ ಮೂಲಕವಷ್ಟೇ ಮಾತನಾಡುವುದಾದರೆ ತೊಂದರೆಯಿಲ್ಲ.

ಸಂಖ್ಯೆಗಳ ಲೋಕದಲ್ಲಿರುವವರು ಲಾಂಗ್ ಡಬಲ್ ಬಗ್ಗೆ ಎಚ್ಚರವಾಗಿರಬೇಕು. ಮೈಕ್ರೋಸಾಫ್ಟ್‌ಗೆ ಅದು ಸಾಮಾನ್ಯ ಡಬಲ್, 8 ಬೈಟ್. ಜಿಸಿಸಿಗೆ 80-ಬಿಟ್‌ನ ಸಂಖ್ಯೆ, 16 ಬೈಟ್ ಜಾಗ ಹಿಡಿಯುತ್ತದೆ. ಪೈಥಾನ್‌ನ ಗಣಿತ ಲೈಬ್ರರಿ ನಮ್‌ಪೈನ ಲಾಂಗ್ ಡಬಲ್ ಅರೇಯನ್ನು ಮಿನ್‌ಜಿಡಬ್ಲ್ಯೂ ವಿಸ್ತರಣೆಗೆ ಕೊಟ್ಟರೆ ಎರಡೂ ಕಡೆಯವರು ಬೇರೆ ಬೇರೆ ಅಳತೆಯಲ್ಲಿ ಓದುತ್ತಾರೆ. ಅಂಥ ಅರೇಗಳನ್ನು ಗಡಿ ದಾಟಿಸಬೇಡಿ. ಒಮ್ಮೆಗೇ ಹಲವು ಸಂಖ್ಯೆಗಳ ಲೆಕ್ಕ ಮಾಡುವ ಪ್ರೊಸೆಸರ್‌ನ ಎವಿಎಕ್ಸ್ ಆದೇಶಗಳ ವಿಷಯವೂ ಇದೆ: 64-ಬಿಟ್ ವಿಂಡೋಸ್‌ನಲ್ಲಿ ಜಿಸಿಸಿ ಸ್ಟ್ಯಾಕ್ ಅನ್ನು 32 ಬೈಟ್‌ಗೆ ಸರಿಯಾಗಿ ಹೊಂದಿಸದ ದೋಷ ಹಲವು ವರ್ಷ ಕಾಡಿದೆ. ಯಂತ್ರಕ್ಕೆ ತಕ್ಕಂತೆ ಗರಿಷ್ಠ ವೇಗ ಎಂಬ ಆಯ್ಕೆ ಕೊಟ್ಟ ಮೇಲೆ ವಿಸ್ತರಣೆ ಕಾರಣವಿಲ್ಲದೆ ಕುಸಿದರೆ ಮೊದಲು ಆ ಆಯ್ಕೆಯನ್ನು ತೆಗೆದು ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ಇದರ ಬಲವನ್ನೂ ಹೇಳಬೇಕು. ಲಿನಕ್ಸ್‌ನಲ್ಲಿ ಕಂಪೈಲ್ ಆದ ಸಿ ಕೋಡ್ ಬಹುಪಾಲು ಹಾಗೇ ಇಲ್ಲಿ ಕಂಪೈಲ್ ಆಗುತ್ತದೆ. ಲಾಂಗ್ ಎಂಬುದು ವಿಂಡೋಸ್‌ನಲ್ಲಿ 4 ಬೈಟ್ ಎಂಬ ಹಳೆಯ ಗುಂಡಿ ಮಾತ್ರ ಯಾವ ಕಂಪೈಲರ್ ಬಳಸಿದರೂ ತಪ್ಪದು. ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚುವ ಓಪನ್‌ಎಂಪಿಯ ಹೊಸ ಸೌಲಭ್ಯಗಳು ಇಲ್ಲಿವೆ, ಮೈಕ್ರೋಸಾಫ್ಟ್‌ನ ಸಾಮಾನ್ಯ ಆಯ್ಕೆ ಇನ್ನೂ ಓಪನ್‌ಎಂಪಿ 2.0 ಬಳಿ ನಿಂತಿದೆ. ಜೊತೆಗೆ ಫೋರ್ಟ್ರಾನ್ ಕಂಪೈಲರ್ ಆದ ಜಿಫೋರ್ಟ್ರಾನ್ ಇದೆ. ಹಳೆಯ ಫೋರ್ಟ್ರಾನ್ ಫಂಕ್ಷನ್‌ಗಳನ್ನು ಪೈಥಾನ್‌ಗೆ ತರಲು ನಮ್‌ಪೈ ಜೊತೆ ಬರುವ ಎಫ್2ಪೈ ಬಳಸುವವರಿಗೆ ಇದು ಸಹಜ ಸಂಗಾತಿ. ಸೈಪೈನಂಥ ದೊಡ್ಡ ಲೈಬ್ರರಿಯೇ ತನ್ನ ಫೋರ್ಟ್ರಾನ್ ಭಾಗಕ್ಕೆ ವಿಂಡೋಸ್‌ನಲ್ಲಿ ಇದನ್ನು ನೆಚ್ಚಿಕೊಂಡು ಬಂದಿದೆ.

ಕ್ಲಾಂಗ್, ಝಿಗ್, ಟಿಸಿಸಿ

ಕ್ಲಾಂಗ್ ಮುಕ್ತ ಕಂಪೈಲರ್. ವಿಂಡೋಸ್‌ನಲ್ಲಿ ಅದರ ಕ್ಲಾಂಗ್-ಸಿಎಲ್ ರೂಪ ಮೈಕ್ರೋಸಾಫ್ಟ್ ಕಂಪೈಲರ್‌ನಂತೆಯೇ ವರ್ತಿಸುತ್ತದೆ, ಸಿ++ ಕೂಡ ಹೊಂದಿಕೊಳ್ಳುತ್ತದೆ. ಆದರೆ ಹೆಡರ್‌ಗಳು ಮತ್ತು ಲೈಬ್ರರಿಗಳಿಗಾಗಿ ಅದಕ್ಕೆ ವಿಂಡೋಸ್ ಎಸ್‌ಡಿಕೆ ಮತ್ತು ಬಿಲ್ಡ್ ಟೂಲ್ಸ್ ಬೇಕೇ ಬೇಕು. ಅಂದರೆ ಇದು ಬಿಲ್ಡ್ ಟೂಲ್ಸ್‌ಗೆ ಬದಲಿಯಲ್ಲ, ಅದರ ಮೇಲಿನ ಇನ್ನೊಂದು ಪದರ. ಸ್ಪಷ್ಟವಾದ ಎಚ್ಚರಿಕೆ ಸಂದೇಶಗಳು ಬೇಕೆನ್ನುವವರು ಮೆಸಾನ್ ಎಂಬ ಬಿಲ್ಡ್ ಸಲಕರಣೆಯ ಜೊತೆ ಬಳಸಿ ನೋಡಲಿ.

ಝಿಗ್ ನನಗೆ ಅಚ್ಚರಿ ತಂದದ್ದು. ಅದೊಂದು ಭಾಷೆ, ಆದರೆ ಅದರ ಜೊತೆ ಬರುವ ‘ಝಿಗ್ ಸಿಸಿ’ ಆದೇಶ ಪೂರ್ಣ ಪ್ರಮಾಣದ ಸಿ ಮತ್ತು ಸಿ++ ಕಂಪೈಲರ್. ಒಳಗೆ ಕ್ಲಾಂಗ್ ಇದೆ, ಮಿನ್‌ಜಿಡಬ್ಲ್ಯೂ-ಡಬ್ಲ್ಯೂ64ರ ಹೆಡರ್‌ಗಳೂ ಇವೆ. ಪಿಪ್ ಮೂಲಕವೇ ಝಿಗ್‌ಲ್ಯಾಂಗ್ ಪ್ಯಾಕೇಜ್ ಆಗಿ ಸ್ಥಾಪಿಸಬಹುದು. ನಿರ್ವಾಹಕರ ಅನುಮತಿ ಬೇಡ, ಪಾತ್ ತಿದ್ದಬೇಕಿಲ್ಲ, ವರ್ಚುವಲ್ ಪರಿಸರ ಅಳಿಸಿದರೆ ಕಂಪೈಲರ್ ಕೂಡ ಹೋಯಿತು. ಶಾಲಾ ಪ್ರಯೋಗಾಲಯದ ಬೀಗ ಹಾಕಿದ ಯಂತ್ರಗಳಲ್ಲಿ ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ವರ ಇಲ್ಲ. ವಿಂಡೋಸ್‌ನಲ್ಲಿ ಕೂತು ಲಿನಕ್ಸ್‌ಗೆ ಕಂಪೈಲ್ ಮಾಡಬಹುದು, ಅದೂ ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಯಾವ ಹಳೆಯ ಆವೃತ್ತಿಗೆ ಹೊಂದಬೇಕೆಂದು ಹೆಸರಿಸಿ. ರಸ್ಟ್ ವಿಸ್ತರಣೆಗಳನ್ನು ಕಟ್ಟುವ ಮ್ಯಾಚುರಿನ್ ಇದೇ ಕಾರಣಕ್ಕೆ ಝಿಗ್ ಅನ್ನು ಆಯ್ಕೆಯಾಗಿ ಕೊಡುತ್ತದೆ. ಆದರೆ ಸೆಟಪ್‌ಟೂಲ್ಸ್ ಇದನ್ನು ತಾನಾಗಿ ಗುರುತಿಸುವುದಿಲ್ಲ, ಕಂಪೈಲ್ ಆದೇಶವನ್ನು ಕೈಯಾರೆ ಬರೆಯಬೇಕಾಗುತ್ತದೆ. ಇನ್ನೊಂದು ಮಾತು: ಆಪ್ಟಿಮೈಸೇಷನ್ ಇಲ್ಲದೆ ಕಟ್ಟಿದಾಗ ಝಿಗ್ ಸಿ ಭಾಷೆಯ ಅನಿರ್ದಿಷ್ಟ ವರ್ತನೆಗಳನ್ನು ಹಿಡಿದು ಪ್ರೋಗ್ರಾಮನ್ನು ನಿಲ್ಲಿಸುತ್ತದೆ. ಬೇರೆ ಕಂಪೈಲರ್‌ಗಳಲ್ಲಿ ಓಡಿದ್ದ ವಿಸ್ತರಣೆ ಇಲ್ಲಿ ಸತ್ತರೆ ಝಿಗ್ ಅನ್ನು ಬೈಯುವ ಮೊದಲು ನಿಮ್ಮ ಕೋಡ್ ನೋಡಿ. ನನ್ನ ಅನುಭವದಲ್ಲಿ ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ.

ಫ್ಯಾಬ್ರಿಸ್ ಬೆಲಾರ್ಡ್ ಬರೆದ ಟಿಸಿಸಿ ಅತಿ ಪುಟ್ಟದು, ಕಣ್ಣು ಮಿಟುಕಿಸುವಷ್ಟರಲ್ಲಿ ಕಂಪೈಲ್ ಮಾಡುತ್ತದೆ. ಆದರೆ ಸಿ++ ಇಲ್ಲ, ಆಪ್ಟಿಮೈಸೇಷನ್ ಹೆಸರಿಗಷ್ಟೇ. ವೇಗಕ್ಕಾಗಿ ವಿಸ್ತರಣೆ ಬರೆಯುವವರಿಗೆ ಅದರಿಂದ ಪ್ರಯೋಜನವಿಲ್ಲ.

ಪಕ್ಕದ ಭಾಷೆಗಳು ಏನು ಮಾಡಿದವು?

ಇಂಟರ್‌ಪ್ರಿಟರ್ ಕಟ್ಟಿದ ಕಂಪೈಲರ್ ಬಳಿಯೇ ಉತ್ತರವಿದೆ ಎಂಬುದಕ್ಕೆ ಉಳಿದ ಭಾಷೆಗಳೇ ಸಾಕ್ಷಿ. ಆರ್ ಭಾಷೆಯನ್ನು ವಿಂಡೋಸ್‌ನಲ್ಲಿ ಕಟ್ಟುವುದೇ ಜಿಸಿಸಿಯಿಂದ. ಆರ್‌ಟೂಲ್ಸ್ ಎಂಬ ಕಟ್ಟಿನಲ್ಲಿ ಅದೇ ಕಂಪೈಲರ್ ಬಳಕೆದಾರರಿಗೂ ಸಿಗುತ್ತದೆ. 2022ರ ಆರ್ 4.2ರಲ್ಲಿ ಅದು ಯುಸಿಆರ್‌ಟಿಗೆ ದಾಟಿದಾಗ ಎಲ್ಲ ಪ್ಯಾಕೇಜುಗಳನ್ನೂ ಒಟ್ಟಿಗೆ ಮರುಕಟ್ಟಬೇಕಾಯಿತು, ಆದರೆ ದಾಟಿದ ಮೇಲೆ ಎಲ್ಲರೂ ಒಂದೇ ದಡದಲ್ಲಿದ್ದರು. ರೂಬಿಯ ವಿಂಡೋಸ್ ಸ್ಥಾಪಕ ಎಂಎಸ್‌ವೈಎಸ್2 ಸಲಕರಣೆಗಳನ್ನು ಜೊತೆಗೇ ಕೊಡುತ್ತದೆ, 3.1ರಿಂದ ಅದೂ ಯುಸಿಆರ್‌ಟಿ. ಪರ್ಲ್ ಭಾಷೆಯ ವಿಂಡೋಸ್ ಕಟ್ಟಾದ ಸ್ಟ್ರಾಬೆರಿ ಪರ್ಲ್ ಒಳಗೆ ಜಿಸಿಸಿ ಬಂದೇ ಇರುತ್ತದೆ. ಈ ಭಾಷೆಗಳಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ, ಅವರು ಕೊಟ್ಟದ್ದನ್ನು ಬಳಸಿ. ಪಿಎಚ್‌ಪಿ ಮತ್ತು ನೋಡ್ ಜೆಎಸ್ ಇನ್ನೊಂದು ದಡದವು, ಅಲ್ಲಿ ವಿಶುವಲ್ ಸಿ++ ಬಿಟ್ಟು ಬೇರೆ ದಾರಿ ಹಿಡಿದರೆ ಕಷ್ಟವೇ ಹೆಚ್ಚು. ಲೂವಾ ಎಷ್ಟು ಚಿಕ್ಕದೆಂದರೆ ಇಂಟರ್‌ಪ್ರಿಟರ್ ಅನ್ನೇ ನಿಮ್ಮ ಕಂಪೈಲರ್‌ನಿಂದ ಕಟ್ಟಿಕೊಳ್ಳಬಹುದು, ಸಮಸ್ಯೆ ಬುಡದಲ್ಲೇ ಇಲ್ಲವಾಗುತ್ತದೆ.

ಸ್ಟ್ರಾಬೆರಿ ಪರ್ಲ್ ಹೆಸರು ಬಂದದ್ದರಿಂದ ಒಂದು ಎಚ್ಚರಿಕೆ. ಅದು ತನ್ನ ಜಿಸಿಸಿಯನ್ನು ಪಾತ್‌ಗೆ ಸೇರಿಸುತ್ತದೆ. ಮೆಸಾನ್ ಪಾತ್‌ನಲ್ಲಿ ಜಿಸಿಸಿ ಕಂಡರೆ ವಿಶುವಲ್ ಸ್ಟುಡಿಯೋವನ್ನು ಹುಡುಕುವ ಗೋಜಿಗೇ ಹೋಗುವುದಿಲ್ಲ. ಬಿಲ್ಡ್ ಟೂಲ್ಸ್ ಹಾಕಿಕೊಂಡೂ ಬೇರೆಯೇ ಕಂಪೈಲರ್‌ನಿಂದ ವಿಸ್ತರಣೆ ಕಟ್ಟಿಕೊಂಡವರು ಇದ್ದಾರೆ. ಮೆಸಾನ್‌ಗೆ ‘ವಿಎಸ್‌ಎನ್ವಿ’ ಆಯ್ಕೆ ಕೊಟ್ಟರೆ ಅದು ಮೈಕ್ರೋಸಾಫ್ಟ್ ಕಂಪೈಲರ್ ಅನ್ನೇ ಹಿಡಿಯುತ್ತದೆ.

ಆಯ್ಕೆಯ ಭಾರ ಕಡಿಮೆ ಮಾಡಿಕೊಳ್ಳುವ ಬಗೆ

ನಿಮ್ಮ ಸಿ ಕೋಡ್ ಪೈಥಾನ್‌ನ ವಸ್ತುಗಳನ್ನು ಮುಟ್ಟದೆ ಸಂಖ್ಯೆಗಳನ್ನಷ್ಟೇ ಪಡೆದು ಸಂಖ್ಯೆಗಳನ್ನಷ್ಟೇ ಕೊಡುವುದಾದರೆ ವಿಸ್ತರಣೆಯೇ ಬೇಡ. ಯಾವ ಕಂಪೈಲರ್‌ನಿಂದಾದರೂ ಸಾದಾ ಡಿಎಲ್‌ಎಲ್ ಕಟ್ಟಿ, ಪೈಥಾನ್ ಜೊತೆಗೇ 2006ರಿಂದ ಬರುತ್ತಿರುವ ಸಿಟೈಪ್ಸ್ ಮೂಲಕ ಕರೆಯಿರಿ. ಪೈಥಾನ್‌ನ ಹೆಡರ್ ಕೂಡ ಬೇಕಾಗುವುದಿಲ್ಲ. ಕರೆ ಕರೆಗೂ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಒಂದು ಕರೆಯಲ್ಲಿ ದೊಡ್ಡ ಕೆಲಸ ಮಾಡಿಸಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ವಿಸ್ತರಣೆಯೇ ಬೇಕಾದರೆ ಸೀಮಿತ ಎಪಿಐ, ಅಂದರೆ ಪೈಥಾನ್ ಸ್ಥಿರವೆಂದು ಕೊಡುವ ಫಂಕ್ಷನ್‌ಗಳನ್ನಷ್ಟೇ, ಬಳಸಿ ಬರೆಯಿರಿ. 2011ರಲ್ಲಿ ಪೈಥಾನ್ 3.2 ಜೊತೆ ಬಂದ ಈ ವ್ಯವಸ್ಥೆಯಲ್ಲಿ ಒಮ್ಮೆ ಕಟ್ಟಿದ ವಿಸ್ತರಣೆ ಮುಂದಿನ ಪೈಥಾನ್ ಆವೃತ್ತಿಗಳಲ್ಲೂ ಓಡುತ್ತದೆ. ಇದನ್ನು ರೂಪಿಸಿದವರು ಫೈಲ್ ಪಾಯಿಂಟರ್ ತೆಗೆದುಕೊಳ್ಳುವ ಫಂಕ್ಷನ್‌ಗಳನ್ನು ಉದ್ದೇಶಪೂರ್ವಕವಾಗಿಯೇ ಹೊರಗಿಟ್ಟರು, ವಿಂಡೋಸ್‌ನ ಯಾವುದೋ ಒಂದು ಸಿ ರನ್‌ಟೈಮ್‌ಗೆ ವಿಸ್ತರಣೆ ಕಟ್ಟುಬೀಳದಿರಲಿ ಎಂದು. ಮುಕ್ತ ಕಂಪೈಲರ್ ಬಳಸುವವರಿಗೆ ಇದು ಸಿದ್ಧ ಶಿಸ್ತು: ಸೀಮಿತ ಎಪಿಐಯಲ್ಲಿ ಬರೆದು, ಮೆಮೊರಿಯನ್ನು ಪೈಥಾನ್‌ನ ಸ್ವಂತ ಫಂಕ್ಷನ್‌ಗಳಿಂದಲೇ ಪಡೆದು ಹಿಂದಿರುಗಿಸಿದರೆ ಈ ಬರಹದಲ್ಲಿ ಹೇಳಿದ ರನ್‌ಟೈಮ್ ಜಗಳಗಳಲ್ಲಿ ಬಹುಪಾಲು ನಿಮ್ಮ ಬಳಿ ಸುಳಿಯುವುದಿಲ್ಲ.

ಹಂಚುವುದೇ ಗುರಿಯಾದರೆ, ಬಿಲ್ಡ್ ಟೂಲ್ಸ್ ನಿಮ್ಮ ಯಂತ್ರದಲ್ಲಿ ಇರಲೇಬೇಕೆಂದಿಲ್ಲ. ಕೋಡ್ ಇಡುವ ತಾಣವಾದ ಗಿಟ್‌ಹಬ್ ದೂರದಿಂದ ಬಳಸಲು ಕೊಡುವ ವಿಂಡೋಸ್ ಯಂತ್ರಗಳಲ್ಲಿ ವಿಶುವಲ್ ಸ್ಟುಡಿಯೋ ಮೊದಲೇ ಇರುತ್ತದೆ, ಸಿಐಬಿಲ್ಡ್‌ವೀಲ್ ಅಲ್ಲಿ ಒಂದೊಂದು ಪೈಥಾನ್ ಆವೃತ್ತಿಗೂ ವೀಲ್ ಕಟ್ಟಿ ಪರೀಕ್ಷಿಸಿ ಕೊಡುತ್ತದೆ. ನಾನು ಈಗ ಅನುಸರಿಸುವ ಕ್ರಮವೂ ಇದೇ. ಬರೆಯುವಾಗ, ತಿದ್ದುವಾಗ ನನ್ನ ಯಂತ್ರದಲ್ಲಿ ಮಿನ್‌ಜಿಡಬ್ಲ್ಯೂ-ಡಬ್ಲ್ಯೂ64. ಬಿಡುಗಡೆಗೆ ಅಲ್ಲಿನ ಮೈಕ್ರೋಸಾಫ್ಟ್ ಕಂಪೈಲರ್. ಎರಡು ಕಂಪೈಲರ್‌ಗಳ ಎಚ್ಚರಿಕೆಗಳನ್ನೂ ದಾಟಿ ಬಂದ ಕೋಡ್ ಒಂದನ್ನು ಮಾತ್ರ ದಾಟಿದ್ದಕ್ಕಿಂತ ಗಟ್ಟಿಯಾಗಿರುತ್ತದೆ.

ಯಾವ ದಾರಿ ಹಿಡಿದರೂ ಹಂಚುವ ಮುನ್ನ ಒಂದು ಕೆಲಸ ತಪ್ಪಿಸಬೇಡಿ. ಕಟ್ಟಿದ .ಪಿವೈಡಿ ಕಡತದ ಅವಲಂಬನೆಗಳನ್ನು ಪಟ್ಟಿ ಮಾಡಿಸಿ ನೋಡಿ. ಜಿಸಿಸಿ ಜೊತೆ ಬರುವ ಆಬ್ಜ್‌ಡಂಪ್‌ನಲ್ಲಿ, ಇಲ್ಲವೇ ಮೈಕ್ರೋಸಾಫ್ಟ್‌ನ ಡಂಪ್‌ಬಿನ್‌ನಲ್ಲಿ ಅದು ಒಂದು ಸಾಲಿನ ಆದೇಶ. ಪಟ್ಟಿಯಲ್ಲಿ ಪೈಥಾನ್‌ನ ಡಿಎಲ್‌ಎಲ್, ವಿಂಡೋಸ್‌ನ ಸ್ವಂತ ಡಿಎಲ್‌ಎಲ್‌ಗಳು, ಯುಸಿಆರ್‌ಟಿ ಮತ್ತು ಪೈಥಾನ್ ತನ್ನ ಜೊತೆ ತರುವ ವಿಸಿರನ್‌ಟೈಮ್ ಇದ್ದರೆ ಸರಿ. ಲಿಬ್‌ಜಿಸಿಸಿ, ಲಿಬ್‌ಎಸ್‌ಟಿಡಿಸಿ++, ಲಿಬ್‌ವಿನ್‌ಪಿಥ್ರೆಡ್ ಇವುಗಳಲ್ಲಿ ಒಂದು ಕಂಡರೂ ಸ್ಟ್ಯಾಟಿಕ್ ಲಿಂಕ್ ಆಗಿಲ್ಲವೆಂದು ಅರ್ಥ. ಹಳೆಯ ಎಂಎಸ್‌ವಿಸಿಆರ್‌ಟಿ ಕಂಡರೆ ತಪ್ಪು ಬಗೆಯ ಮಿನ್‌ಜಿಡಬ್ಲ್ಯೂ ಬಳಸಿದ್ದೀರಿ. ಆಮೇಲೆ ಯಾವ ಕಂಪೈಲರನ್ನೂ ಎಂದೂ ಕಾಣದ ಒಂದು ಯಂತ್ರದಲ್ಲಿ ಅದನ್ನು ಇಂಪೋರ್ಟ್ ಮಾಡಿ ನೋಡಿ.